ವೈದ್ಯರಿಗೆ ಹೊಲದ ಸಂಗತಿಯನ್ನೂ ಹೇಳಿ

ಹತ್ತಿಗೋ ತೊಗರಿಗೋ ಮದ್ದು ಹೊಡೆದು ಬಂದವರಿಗೆ ಸಂಜೆ ತಲೆಸುತ್ತು, ವಾಂತಿ, ಮೈಯೆಲ್ಲ ಬೆವರು. ಆಸ್ಪತ್ರೆಯಲ್ಲಿ ವೈದ್ಯರು ಏನಾಯಿತೆಂದು ಕೇಳಿದರೆ "ಬಿಸಿಲಿಗೆ ಪಿತ್ತ ಏರಿದೆ" ಎಂಬ ಉತ್ತರ. ಮದ್ದಿನ ಮಾತೇ ಬರುವುದಿಲ್ಲ. ಬಿಸಿಲಿನ ಬೇಗೆಯಲ್ಲೂ ವಾಂತಿ, ಬೆವರು ಇರುವುದರಿಂದ ಮೊದಲ ನೋಟಕ್ಕೆ ಎರಡೂ ಒಂದೇ ಎನಿಸಬಹುದು. ಚಿಕಿತ್ಸೆ ಮಾತ್ರ ಬೇರೆ.

ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್‌ನಂಥ ರಂಜಕ ಮೂಲದ ಕೀಟನಾಶಕಗಳು ಉಸಿರಿನಿಂದ ಮಾತ್ರವಲ್ಲ, ಚರ್ಮದ ಮೂಲಕವೂ ಒಳಸೇರುತ್ತವೆ. ಪಂಪು ಸೋರಿ ಬೆನ್ನು ನೆನೆದರೂ ಸಾಕು. ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಮಾಂಸಖಂಡ ಅದುರುತ್ತದೆ, ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಇದಕ್ಕೆ ಅಟ್ರೋಪಿನ್ ಚುಚ್ಚುಮದ್ದು ಇದೆ. ತಡವಾದಷ್ಟೂ ಅಪಾಯ ಹೆಚ್ಚು. ಪ್ಯಾರಾಕ್ವಾಟ್ ಎಂಬ ಕಳೆನಾಶಕದ ಕತೆಯೇ ಬೇರೆ. ಅದಕ್ಕೆ ಪ್ರತಿವಿಷವಿಲ್ಲ. ಅಗತ್ಯವಿಲ್ಲದೆ ಆಮ್ಲಜನಕ ಕೊಟ್ಟರೆ ಶ್ವಾಸಕೋಶಕ್ಕೆ ಇನ್ನಷ್ಟು ಹಾನಿ. ಹೀಗಿರುವಾಗ "ಯಾವುದೋ ಎಣ್ಣೆ ಹೊಡೆದೆವು" ಎಂದರೆ ವೈದ್ಯರು ಏನು ಮಾಡಿಯಾರು?

ಆದ್ದರಿಂದ ಡಬ್ಬಿಯನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಿರಿ, ಇಲ್ಲವೇ ಚೀಟಿಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಚೀಟಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಲ್ಲಿ ಒಂದು ಇರುತ್ತದೆ. ಕೆಂಪು ಎಂದರೆ ಅತಿ ವಿಷ. ಎಷ್ಟು ಹೊತ್ತು ಸಿಂಪಡಿಸಿದಿರಿ, ಎರಡು ಮದ್ದು ಬೆರೆಸಿದ್ದಿರಾ, ಎಲ್ಲವನ್ನೂ ಹೇಳಿ. ಹೊರಡುವ ಮುನ್ನ ನೆನೆದ ಬಟ್ಟೆ ತೆಗೆದು ಸಾಬೂನಿನಿಂದ ಮೈ ತೊಳೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ.

ಮುಚ್ಚಿಡುವುದಕ್ಕೆ ದೊಡ್ಡ ಕಾರಣ ಪೊಲೀಸರ ಭಯ. ವಿಷದ ಪ್ರಕರಣವನ್ನು ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ನಿಜ. ಆದರೆ ಸಿಂಪಡಿಸುವಾಗ ತಗುಲಿದ್ದು ಅಪರಾಧವಲ್ಲ. ಮನನೊಂದು ಕುಡಿದವರ ವಿಷಯದಲ್ಲೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ. ಶಿಕ್ಷೆಯಲ್ಲ, ಆರೈಕೆ ಕೊಡಬೇಕು ಎನ್ನುತ್ತದೆ. ಮರ್ಯಾದೆಯ ಮಾತು ಆಮೇಲೆ ನೋಡಿಕೊಳ್ಳಬಹುದು, ಮೊದಲು ಜೀವ ಉಳಿಯಲಿ.

ಹೆಂಡ, ಸಾರಾಯಿಯ ವಿಚಾರವೂ ಹೀಗೆಯೇ. ದಿನವೂ ಕುಡಿಯುವವರು ಕಾಲು ಮುರಿದು ಆಸ್ಪತ್ರೆಗೆ ಸೇರಿ, ಹೆಂಡತಿ ಮಕ್ಕಳ ಎದುರು "ಮುಟ್ಟಿಲ್ಲ" ಎನ್ನುತ್ತಾರೆ. ಎರಡು ಮೂರು ದಿನಕ್ಕೆ ಕೈ ನಡುಗಿ, ಇಲ್ಲದ್ದು ಕಾಣತೊಡಗುತ್ತದೆ. ಮೊದಲೇ ತಿಳಿದಿದ್ದರೆ ತಡೆಯುವ ಔಷಧಿ ಇದೆ. ಮನೆಯವರನ್ನು ಹೊರಗೆ ಕಳಿಸಿ ಮಾತಾಡಬೇಕೆಂದು ಕೇಳುವ ಹಕ್ಕು ನಿಮಗುಂಟು. ನಾಟಿ ಔಷಧಿ ತಿನ್ನುತ್ತಿದ್ದರೆ ಅದನ್ನೂ ಹೇಳಿ.

ವಾರಗಟ್ಟಲೆ ಬಿಡದ ಜ್ವರ, ರಾತ್ರಿ ಬೆವರು, ಕೀಲುನೋವು ಇದ್ದರೆ ಕೊಟ್ಟಿಗೆಯ ಸಂಗತಿ ಮರೆಯಬೇಡಿ. ಹಸು ಕಂದು ಹಾಕಿದಾಗ ಬರಿಗೈಯಲ್ಲಿ ಮಾಸು ತೆಗೆದವರಿಗೆ, ಹಸಿ ಹಾಲು ಕುಡಿದವರಿಗೆ ಬ್ರುಸೆಲ್ಲೋಸಿಸ್ ತಗುಲಬಹುದು. ಸಾಮಾನ್ಯವಾಗಿ ಆರು ವಾರ ಮಾತ್ರೆ ನುಂಗಬೇಕಾಗುತ್ತದೆ. ಮಲೆನಾಡಿನವರು ಕಾಡಿಗೆ ಸೊಪ್ಪು, ದರಗಿಗೆ ಹೋಗಿದ್ದನ್ನೂ, ಅಲ್ಲಿ ಸತ್ತ ಮಂಗ ಕಂಡದ್ದನ್ನೂ, ಉಣ್ಣೆ ಕಚ್ಚಿದ್ದನ್ನೂ ವೈದ್ಯರು ಕೇಳದಿದ್ದರೂ ಹೇಳಬೇಕು.