ಕೊಡೆಯ ಬಾಡಿಗೆ ಯಾರು ಕೊಡಬೇಕು?

ಇವತ್ತು ರಾಜಕೀಯ ಬೇಡ. ಒಂದು ಚೀಟಿಯ ಬಗ್ಗೆ ಮಾತಾಡೋಣ. ಸಂಬಳದ ಚೀಟಿ.

ಮೊನ್ನೆ ಉಡುಪಿಗೆ ಹೋದವನು ಸಂತೆಕಟ್ಟೆಯಲ್ಲಿ ಇಳಿದೆ. ಇಳಿದ ಕೂಡಲೇ ಮಳೆ. ಹೈವೇ ಪಕ್ಕದ ಹೋಟೆಲೊಂದಕ್ಕೆ ಹೊಕ್ಕು, ಗೋಳಿಬಜೆ, ಚಹಾ ಹೇಳಿ ಕೂತಿದ್ದೆ. ಪಕ್ಕದ ಟೇಬಲಿನಲ್ಲಿದ್ದ ಹೆಂಗಸೊಬ್ಬರು ಎದ್ದು ಬಂದರು.

"ಸರ್, ನೀವು ಟಿ.ವಿ.ಯವರಲ್ವಾ? ಎಲ್ಲರ ಲೆಕ್ಕ ಕೇಳ್ತೀರಿ. ನನ್ನದೊಂದು ಲೆಕ್ಕ ನೋಡಿ ಹೇಳ್ತೀರಾ?"

ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಆರು ವರ್ಷದಿಂದ ಒಂದು ದೊಡ್ಡ ಸಂಸ್ಥೆಯಲ್ಲಿ ಹೌಸ್‌ಕೀಪಿಂಗ್ ಕೆಲಸ. ನೆಲ ಒರೆಸುವುದು ಆ ಸಂಸ್ಥೆಯದ್ದು, ಸಂಬಳ ಹಾಕುವುದು ಮಾತ್ರ ಒಂದು ಏಜೆನ್ಸಿ. ಚೀಟಿಯಲ್ಲಿ ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ. ಪಿ.ಎಫ್. ಕಡಿತ 3,750. ಇ.ಎಸ್.ಐ. ಕಡಿತ 601. ಕೈಗೆ 10,649.

"ಉಳಿದದ್ದು ಎಲ್ಲಿಗೆ ಹೋಯ್ತು ಸರ್? ಕೇಳಿದ್ರೆ ಗೌರ್ಮೆಂಟಿಗೆ ಹೋಯ್ತು ಅಂತಾರೆ."

ಎಷ್ಟೋ ಬಜೆಟ್ ವಿಶ್ಲೇಷಣೆ ಮಾಡಿದ ನನಗೆ ತಕ್ಷಣ ಉತ್ತರ ಗೊತ್ತಾಗಲಿಲ್ಲ. ನಾಚಿಕೆಯಾಯಿತು. ಆಮೇಲೆ ಪಿ.ಎಫ್. ಲೆಕ್ಕ ಬರೆಯುವ ಪರಿಚಯದವರ ಜೊತೆ ಕೂತು ತಿಳಿದುಕೊಂಡೆ. ಅದನ್ನೇ ನಿಮಗೂ ಹೇಳ್ತೇನೆ. ಸ್ವಲ್ಪ ಪೆನ್ನು ಹಿಡ್ಕೊಳ್ಳಿ.

15,000 ಸಂಬಳಕ್ಕೆ ನೌಕರರ ಪಾಲಿನ ಪಿ.ಎಫ್. ಶೇ. 12, ಅಂದರೆ 1,800. ನೌಕರರ ಪಾಲಿನ ಇ.ಎಸ್.ಐ. ಶೇ. 0.75, ಅಂದರೆ 113. ಕಡಿತ ಇಷ್ಟೇ. ತಿಂಗಳಿಗೆ 25,000ಕ್ಕಿಂತ ಕಡಿಮೆ ಇದ್ದರೆ ನಮ್ಮ ರಾಜ್ಯದಲ್ಲಿ ವೃತ್ತಿ ತೆರಿಗೆಯೂ ಇಲ್ಲ. ಹಾಗಾದರೆ ಕೈಗೆ ಬರಬೇಕಾದದ್ದು 13,087.

ಮಾಲೀಕರ ಪಾಲು ಬೇರೆಯೇ ಇದೆ. ಪಿ.ಎಫ್.ಗೆ ಶೇ. 12, ಅದರ ಮೇಲೆ ವಿಮೆಗೆ ಅರ್ಧ, ಆಡಳಿತ ಶುಲ್ಕಕ್ಕೆ ಅರ್ಧ, ಒಟ್ಟು ಶೇ. 13. ಅಂದರೆ 1,950. ಇ.ಎಸ್.ಐ.ಗೆ ಶೇ. 3.25, ಅಂದರೆ 488. ಎರಡೂ ಸೇರಿ 2,438. ಇದು ಮಾಲೀಕ ತನ್ನ ಜೇಬಿನಿಂದ ಕಟ್ಟಬೇಕಾದ ದುಡ್ಡು. ನೌಕರನ ಸಂಬಳದಲ್ಲಿ ಇದನ್ನು ಹಿಡಿಯುವ ಹಾಗಿಲ್ಲ. ಇದು ಪಿ.ಎಫ್.ನಲ್ಲೂ ಇ.ಎಸ್.ಐ.ನಲ್ಲೂ ಇರುವ ಸ್ಪಷ್ಟ ನಿಯಮ.

ಈಗ ಅಕ್ಕನ ಚೀಟಿ ಮತ್ತೆ ನೋಡಿ. 1,800ಕ್ಕೆ 1,950 ಕೂಡಿಸಿ. 3,750 ಬಂತಾ? 113ಕ್ಕೆ 488 ಕೂಡಿಸಿ. 601 ಬಂತಾ? ಎರಡೂ ಪಾಲನ್ನು ಅವರ ಹೆಗಲಿಗೇ ಹೊರಿಸಿದ್ದಾರೆ! ತಿಂಗಳಿಗೆ 2,438, ವರ್ಷಕ್ಕೆ 29,256 ರೂಪಾಯಿ. ಆರು ವರ್ಷಕ್ಕೆ ಎಷ್ಟಾಗುತ್ತೆ ಅಂತ ನೀವೇ ಅಂದಾಜು ಮಾಡಿ.

ಹಾಗಾದರೆ ಏಜೆನ್ಸಿಗೆ ಆ ದುಡ್ಡು ಬಂದಿರಲಿಲ್ಲವಾ? ಸಾಮಾನ್ಯವಾಗಿ ಏಜೆನ್ಸಿ ಸಂಸ್ಥೆಗೆ ಕಳಿಸುವ ಬಿಲ್ ಹೀಗಿರುತ್ತೆ: ಸಂಬಳ 15,000, ಮಾಲೀಕರ ಪಾಲು 2,438, ಏಜೆನ್ಸಿಯ ಸೇವಾ ಶುಲ್ಕ ಉದಾಹರಣೆಗೆ 562. ಒಟ್ಟು 18,000. ಅದರ ಮೇಲೆ ಶೇ. 18 ಜಿ.ಎಸ್.ಟಿ. 3,240. ಸಂಸ್ಥೆ ಕೊಡುವುದು 21,240. ಆ ಬಿಲ್ಲಿನಲ್ಲಿ ಮಾಲೀಕರ ಪಾಲು ಒಮ್ಮೆ ಸೇರಿದ್ದರೆ, ಸಂಬಳದಲ್ಲಿ ಮತ್ತೊಮ್ಮೆ ಹಿಡಿದ 2,438 ಯಾರ ಜೇಬಿಗೆ ಹೋಯಿತು? ಪ್ರಶ್ನೆ ಇದು.

ಇಲ್ಲೊಂದು ಸೂಕ್ಷ್ಮ ಇದೆ. ಎರಡೂ ಪಾಲು ಕಡಿತದಲ್ಲಿ ಕಂಡ ಕೂಡಲೇ ಕಳ್ಳತನ ಅಂತ ಕೂಗಬೇಡಿ. ಚೀಟಿಯ ಮೇಲ್ತುದಿಯ ಅಂಕಿ ಯಾವುದು ಅಂತ ನೋಡಿ. ಅಲ್ಲಿ ಸಿ.ಟಿ.ಸಿ. 17,438 ಅಂತ ಬರೆದು, ಎರಡೂ ಪಾಲು ಕಳೆದು 13,087 ಕೊಟ್ಟಿದ್ದರೆ ಲೆಕ್ಕ ಸರಿ ಇದೆ. ಮೇಲೆ ಸಂಬಳ 15,000 ಅಂತ ಬರೆದು ಎರಡನ್ನೂ ಕಳೆದರೆ ಅದು ಮೋಸ.

ಇಂಗ್ಲೆಂಡಿನಲ್ಲಿ ಕಾಂಟ್ರಾಕ್ಟ್ ಕೆಲಸ ಮಾಡುವ ನಮ್ಮ ಹುಡುಗರಿಗೂ ಇದೇ ತಲೆನೋವು. ಅಲ್ಲಿ ಈ ನಡುವಿನವರಿಗೆ ಅಂಬ್ರೆಲಾ ಕಂಪನಿ ಅಂತ ಹೆಸರು. ಕೊಡೆ ಕಂಪನಿ! ದಿನಕ್ಕೆ ಇಷ್ಟು ಪೌಂಡ್ ಅಂತ ಹೇಳಿದ ದರದಲ್ಲೇ ಮಾಲೀಕರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ಕಳೆಯುತ್ತೆ, ಕೊಡೆಯ ಕಮಿಷನ್ ಕಳೆಯುತ್ತೆ, ಉಳಿದದ್ದಕ್ಕೆ ಸಂಬಳ ಅಂತ ಹೆಸರು, ಅದರ ಮೇಲೆ ತೆರಿಗೆ. ಅಲ್ಲಿ ಅದು ಕಾನೂನುಬದ್ಧ. ಆದರೆ 2020ರ ಏಪ್ರಿಲ್‌ನಿಂದ, ಯಾವುದು ಎಷ್ಟು ಕಳೆಯುತ್ತೆ, ಕೈಗೆ ಎಷ್ಟು ಬರುತ್ತೆ ಅಂತ ಏಜೆನ್ಸಿ ಮೊದಲೇ ಕಾಗದದಲ್ಲಿ ಬರೆದುಕೊಡಬೇಕು. ನಮ್ಮಲ್ಲಿ ಹೌಸ್‌ಕೀಪಿಂಗ್ ಅಕ್ಕನಿಗೆ ಅಂಥದ್ದೊಂದು ಕಾಗದ ಯಾರು ಕೊಟ್ಟಿದ್ದಾರೆ?

ಲೆಕ್ಕ ಗೊತ್ತಾಗದಿದ್ದರೆ ಏನಾಗುತ್ತೆ ಅಂತ ಕರ್ನಾಟಕ ಒಮ್ಮೆ ಕಂಡಿದೆ. 2020ರ ಡಿಸೆಂಬರ್ 12, ಕೋಲಾರದ ನರಸಾಪುರ. ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಾಜು ಒಡೆಯಿತು, ವಾಹನ ಉರುಳಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ನೌಕರರು. ಹೇಳಿದ ಸಂಬಳ ಬಂದಿಲ್ಲ ಅನ್ನುವುದು ಅವರ ದೂರು. ಹಿಂಸೆಯನ್ನು ನಾನು ಒಪ್ಪಲ್ಲ. ಆದರೆ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕೆಲವರಿಗೆ ಸಂಬಳ ತಡವಾಗಿದ್ದು ನಿಜ ಅಂತ ಆಮೇಲೆ ಆಪಲ್ ಕಂಪನಿಯೇ ಹೇಳಿತು. ವಿಸ್ಟ್ರಾನ್ ಕ್ಷಮೆ ಕೇಳಿತು.

"ನಮಗೆ ಸಂಬಂಧ ಇಲ್ಲ, ಏಜೆನ್ಸಿಯವರನ್ನು ಕೇಳಿ" ಅಂತ ದೊಡ್ಡ ಸಂಸ್ಥೆಗಳು ಕೈ ತೊಳೆದುಕೊಳ್ಳುತ್ತವಲ್ಲ, ಕಾನೂನು ಅದಕ್ಕೆ ಒಪ್ಪಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ, ಕಡಿಮೆ ಕೊಟ್ಟರೆ, ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಇದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲೂ ಗುತ್ತಿಗೆದಾರ ಕೊಡದ ಸಂಬಳಕ್ಕೆ ಮೂಲ ಮಾಲೀಕನೇ ಹೊಣೆ. ಸಂಬಳದ ಚೀಟಿ ಕೊಡುವುದೂ ಕಡ್ಡಾಯ.

ಹಾಗಾದರೆ ಏನು ಮಾಡಬೇಕು? ಮೊದಲು ಪ್ರತಿ ತಿಂಗಳ ಚೀಟಿ ಕೇಳಿ ಇಟ್ಟುಕೊಳ್ಳಿ. ನಿಮ್ಮ ಯು.ಎ.ಎನ್. ನಂಬರಿಗೆ ಸ್ವಂತ ಮೊಬೈಲ್ ನಂಬರ್ ಸೇರಿಸಿ. ಆ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಗೆ ಎಷ್ಟು ಜಮೆಯಾಗಿದೆ ಅಂತ ಮೆಸೇಜ್ ಬರುತ್ತೆ. ಪಾಸ್‌ಬುಕ್ ತೆರೆದರೆ 15,000 ಸಂಬಳಕ್ಕೆ ನಿಮ್ಮ 1,800, ಮಾಲೀಕರ 550, ಪಿಂಚಣಿಗೆ 1,250 ಕಾಣಬೇಕು. ಕಾಣದಿದ್ದರೆ ಹಿಡಿದ ದುಡ್ಡನ್ನು ಕಟ್ಟಿಲ್ಲ ಅಂತ ಅರ್ಥ. ಇ.ಎಸ್.ಐ. ಕಟ್ಟಿದ್ದಾರಾ ಅನ್ನುವುದನ್ನು ಆಸ್ಪತ್ರೆ ಬಾಗಿಲಲ್ಲಿ ನಿಂತಾಗ ಅಲ್ಲ, ಇವತ್ತೇ ನೋಡಿ.

ಇಷ್ಟನ್ನೂ ಆ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: "ಸರ್, ಕೇಳಿದ್ರೆ ನಾಳೆಯಿಂದ ಬರ್ಬೇಡ ಅಂದ್ರೆ?"

ಈ ಪ್ರಶ್ನೆಗೆ ಯಾವ ಕಾಯ್ದೆ ಪುಸ್ತಕದಲ್ಲೂ ಸುಲಭದ ಉತ್ತರ ಇಲ್ಲ. ಒಬ್ಬರೇ ಹೋಗಬೇಡಿ ಅಂದೆ. ಜೊತೆಗೆ ಕೆಲಸ ಮಾಡುವವರೆಲ್ಲ ಚೀಟಿ ಸೇರಿಸಿ, ಒಂದೇ ಅರ್ಜಿ ಬರೆದು, ಸಂಸ್ಥೆಗೂ ಕಾರ್ಮಿಕ ಅಧಿಕಾರಿಗೂ ಪಿ.ಎಫ್. ಕಚೇರಿಗೂ ಕೊಟ್ಟು, ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ ಅಂದೆ. "ಹದಿನಾಲ್ಕು ಜನ ಇದ್ದೇವೆ, ಮಾತಾಡಿ ನೋಡ್ತೇನೆ" ಅಂದರು.

ಇನ್ನು ಆ ಸಂಸ್ಥೆಗಳ ದೊಡ್ಡವರಿಗೆ ನನ್ನದೊಂದು ಮಾತು. ಸ್ವಾಮಿ, ಪ್ರತಿ ತಿಂಗಳು ಏಜೆನ್ಸಿಯ ಬಿಲ್ಲಿಗೆ ಸಹಿ ಹಾಕ್ತೀರಿ. ಹಾಕುವ ಮೊದಲು ನಿಮ್ಮ ನೆಲ ಒರೆಸುವವರ ಕೈಯಲ್ಲಿರುವ ಚೀಟಿಯನ್ನು ಒಮ್ಮೆ ತರಿಸಿ ನೋಡಿ. ಐದು ನಿಮಿಷದ ಕೆಲಸ. ಕೊಡೆ ಹಿಡಿಸಿದವರು ನೀವು. ಅದರ ಬಾಡಿಗೆಯನ್ನು ಮಳೆಯಲ್ಲಿ ನಿಂತವರ ಹತ್ತಿರ ವಸೂಲಿ ಮಾಡಬೇಡಿ.