ಕೆರೆಯ ಅತಿಪೋಷಣೆ

ಕೆರೆ ಕಟ್ಟಿಸುವುದನ್ನು ನಮ್ಮ ಹಿರಿಯರು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದ್ದರು. ಆ ಪುಣ್ಯವನ್ನು ಸಾರುವ ಶಾಸನಗಳು ಕನ್ನಡನಾಡಿನಲ್ಲಿ ಹೇರಳವಾಗಿವೆ. ಇಂತಹ ನಾಡಿನ ರಾಜಧಾನಿಯಲ್ಲಿಯೇ, ಬೆಳ್ಳಂದೂರಿನ ಕೆರೆಯ ಮೇಲೆ, 2015ರಲ್ಲಿ ನೊರೆಯೂ ಬೆಂಕಿಯೂ ಕಾಣಿಸಿಕೊಂಡುವು. 2017ರ ಫೆಬ್ರವರಿಯಲ್ಲಿ ಮರಳಿ ಬೆಂಕಿ ಹೊತ್ತಿತು. ನೀರಿನಲ್ಲಿ ಬೆಂಕಿಯೆಂದೊಡನೆ ಕಾವ್ಯಾಭ್ಯಾಸಿಗಳಿಗೆ ಬಡಬಾನಲದ ನೆನಪಾದೀತು. ಆದರೆ ಇದು ಕವಿಸಮಯವಲ್ಲ. ಇದರ ಮೂಲದಲ್ಲಿರುವುದು ನಗರದ ಕೊಳಚೆಯ ನೀರು. ಕೊಳಚೆಯು ವಿಷವಾಗಿ ಕೆರೆಯನ್ನು ಕೊಲ್ಲುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ಅನ್ನವಾಗಿಯೂ ಕೊಲ್ಲುವುದೆಂಬುದನ್ನು ಇಲ್ಲಿ ವಿವರಿಸಬೇಕಾಗಿದೆ.

ಪಾಚಿಯ ಬೆಳವಣಿಗೆಗೆ ಮುಖ್ಯವಾಗಿ ಇಂಗಾಲ, ಸಾರಜನಕ, ರಂಜಕ, ಎಂದರೆ ಫಾಸ್ಫರಸ್, ಎಂಬ ಮೂರು ದ್ರವ್ಯಗಳು ಬೇಕು. ಮೊದಲಿನೆರಡು ಗಾಳಿಯಲ್ಲಿಯೇ ಇವೆ. ರಂಜಕವಾದರೋ ಬಂಡೆಯು ಸವೆದು ಮಣ್ಣಿನ ಮೂಲಕ ಬರತಕ್ಕದ್ದು. ಆದಕಾರಣ ತಿಳಿನೀರಿನಲ್ಲಿ ಅದು ಅತ್ಯಲ್ಪ. ಈ ಕೊರತೆಯೇ ಪಾಚಿಗೆ ಕಡಿವಾಣ. 1973ರಲ್ಲಿ ಕೆನಡಾ ದೇಶದ ಆಂಟೇರಿಯೋ ಪ್ರಾಂತದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವರ ಸಹೋದ್ಯೋಗಿಗಳು 226ನೆಯ ಸಂಖ್ಯೆಯ ಸರೋವರವೊಂದನ್ನು ತೆರೆಯಿಂದ ಇಬ್ಭಾಗ ಮಾಡಿದರು. ಇಂಗಾಲವನ್ನೂ ಸಾರಜನಕವನ್ನೂ ಎರಡು ಭಾಗಗಳಿಗೂ ಹಾಕಿದರು. ರಂಜಕವನ್ನು ಒಂದಕ್ಕೆ ಮಾತ್ರ. ರಂಜಕ ಬಿದ್ದ ಭಾಗ ಹಸುರುಗಟ್ಟಿತು. ಇನ್ನೊಂದು ತಿಳಿಯಾಗಿಯೇ ಉಳಿಯಿತು. ನಮ್ಮ ಮಲಮೂತ್ರಗಳಲ್ಲಿಯೂ, ರಂಜಕ ಬೆರೆಸಿದ ಬಟ್ಟೆಯ ಪುಡಿಗಳಲ್ಲಿಯೂ, ಹೊಲದ ಗೊಬ್ಬರದಲ್ಲಿಯೂ ಇರುವುದು ಈ ದ್ರವ್ಯವೇ.

ಕಡಿವಾಣ ಕಳಚಿದ ಪಾಚಿ ನೀರಿನ ಮೇಲೆ ಕವಿದು ತಳಕ್ಕೆ ಬೆಳಕನ್ನು ತಡೆಯುತ್ತದೆ. ಅದು ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ವ್ಯಯವಾಗುತ್ತದೆ. ಮೀನು ಉಸಿರುಕಟ್ಟಿ ಸಾಯುತ್ತದೆ. ಆಮ್ಲಜನಕ ಮುಗಿದ ಮೇಲೆ, ಕೆಸರಿನಲ್ಲಿ ಕಬ್ಬಿಣದೊಡನೆ ಕೂಡಿಕೊಂಡಿದ್ದ ರಂಜಕವು ಬಿಡುಗಡೆಯಾಗಿ ಮರಳಿ ನೀರಿಗೆ ಸೇರುತ್ತದೆ. ಹೀಗೆ ಕೆರೆಯು ತನ್ನ ರೋಗವನ್ನು ತಾನೇ ಪೋಷಿಸುತ್ತದೆ.

ಇಂತಹ ನೀರಿನಲ್ಲಿಯೂ ಬದುಕುವ ಜೀವಿಗಳುಂಟು. ನೀಲಿಹಸುರು ಪಾಚಿಯ ಕೆಲವು ಜಾತಿಗಳು ಕೋಶದೊಳಗಿನ ವಾಯುಕೋಶಿಕೆಗಳ ಬಲದಿಂದ ತೇಲಿ ಬೆಳಕನ್ನು ಹಿಡಿಯುತ್ತವೆ. ಕೆಲವು ಗಾಳಿಯ ಸಾರಜನಕವನ್ನೇ ಉಣ್ಣುತ್ತವೆ. ಕೆಸರಿನಲ್ಲಿರುವ ಕೆಂಪು ಮರಿಹುಳುಗಳ ಬಣ್ಣವು ನಮ್ಮ ನೆತ್ತರಿನಲ್ಲಿರುವಂತಹ ಹೀಮೋಗ್ಲೋಬಿನ್ನಿನದು. ಅಲ್ಪವಾದ ಆಮ್ಲಜನಕವನ್ನೂ ಅದು ಹಿಡಿದಿಡುತ್ತದೆ. ಕೊರವ ಮೀನು ಮೇಲೆ ಬಂದು ಗಾಳಿಯನ್ನು ಗುಟುಕರಿಸಿ ಬದುಕುತ್ತದೆ. ಇವುಗಳ ಸಾಮರ್ಥ್ಯ ಮೆಚ್ಚತಕ್ಕದ್ದು. ಆದರೆ ಇವನ್ನು ಕಂಡು ಕೆರೆ ಜೀವಂತವಾಗಿದೆಯೆಂದು ಸಮಾಧಾನ ಪಡುವುದು ಭ್ರಾಂತಿ. ಹಲವು ಜಾತಿಗಳು ಅಳಿದ ಎಡೆಯಲ್ಲಿ ಕೆಲವು ಉಳಿದಿವೆ, ಅಷ್ಟೆ.

ಪರಿಹಾರವಿಲ್ಲದಿಲ್ಲ. ಅಮೆರಿಕದ ಸಿಯಾಟಲ್ ನಗರದ ಬಳಿಯ ವಾಷಿಂಗ್ಟನ್ ಸರೋವರಕ್ಕೆ ಬೀಳುತ್ತಿದ್ದ ಕೊಳಚೆಯನ್ನು 1963ರಿಂದ 1968ರವರೆಗೆ ಬೇರೆಡೆಗೆ ತಿರುಗಿಸಲಾಯಿತು. ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು. ಆದರೆ ಅದು ಬಹು ಆಳವಾದ ಸರೋವರ. ನಮ್ಮ ಕೆರೆಗಳು ಆಳವಿಲ್ಲದವು. ತಳದ ಕೆಸರು ಸದಾ ಕದಡುತ್ತಿರುವುದರಿಂದ ಕೊಳಚೆಯನ್ನು ತಡೆದ ಮಾತ್ರಕ್ಕೆ ಅವು ಬೇಗನೆ ಗುಣವಾಗಲಾರವು. ಹೂಳನ್ನೂ ತೆಗೆಯಬೇಕು.

ಇಲ್ಲಿ ನಮ್ಮ ರೈತರ ಹಳೆಯ ಪದ್ಧತಿಯೊಂದು ಸ್ಮರಣೀಯ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅವರು ಕೆರೆಗೋಡನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದರು. ಮಳೆಯು ಹೊಲದಿಂದ ಕೆರೆಗೆ ತಂದ ಸಾರ ಮರಳಿ ಹೊಲವನ್ನು ಸೇರುತ್ತಿತ್ತು; ಹೊಲಕ್ಕೆ ಗೊಬ್ಬರ, ಕೆರೆಗೆ ಆರೋಗ್ಯ. ನಗರದ ಹೂಳಿನಲ್ಲಿ ಇಂದು ಸೀಸವೇ ಮೊದಲಾದ ಲೋಹಗಳು ಸೇರಿರುವುದುಂಟಾದ್ದರಿಂದ ಪರೀಕ್ಷಿಸದೆ ಅದನ್ನು ಬಳಸಲಾಗದು. ಆದರೂ ಆ ಪದ್ಧತಿಯ ತತ್ತ್ವ ಹಳತಾಗಿಲ್ಲ. ಕೆರೆಯನ್ನು ಕಟ್ಟಿಸಿದುದರಿಂದಲೇ ಪುಣ್ಯಕಾರ್ಯ ಮುಗಿಯಲಿಲ್ಲ. ಅದಕ್ಕೆ ಸಂದುದನ್ನು ವರ್ಷವರ್ಷವೂ ಹೊರತೆಗೆಯುವವರೂ ಇದ್ದುದರಿಂದಲೇ ನಮ್ಮ ಕೆರೆಗಳು ಶತಮಾನಗಳ ಕಾಲ ಬಾಳಿದುವು.