ಕೂಸಿನ ಹಳೇ ಕೌದಿ ಒಗೆಯುವ ಮುನ್ನ

ಟ್ರಂಕಿನ ತಳದಲ್ಲಿ ಸಿಕ್ಕ ಕೂಸಿನ ಕೌದಿಯನ್ನು ಸೀದಾ ವಾಷಿಂಗ್ ಮಷೀನಿಗೆ ತುರುಕಬೇಡಿ. ಮೊದಲು ಮಗುಚಿ ಹಿಂಬದಿ ನೋಡಿ. ಅದು ಹೇಗೆ ನಿಂತಿದೆ ಎಂಬುದನ್ನು ಮೇಲಿನ ಬಣ್ಣದ ತೇಪೆಗಳಿಗಿಂತ ಅಲ್ಲಿನ ಹೊಲಿಗೆ ಚೆನ್ನಾಗಿ ತೋರಿಸುತ್ತದೆ.

ಕೌದಿಯೊಳಗೆ ಸಾಮಾನ್ಯವಾಗಿ ಹತ್ತಿ ತುಂಬುವುದಿಲ್ಲ. ಹಳೇ ಸೀರೆ, ಧೋತರ, ಅಂಗಿ, ಕುಪ್ಪಸದ ತುಂಡುಗಳೇ ಪದರ ಪದರವಾಗಿ ಕೂರುತ್ತವೆ. ನಡುವೆ ಸಿಕ್ಕಿಕೊಂಡ ಗಾಳಿ ಬೆಚ್ಚಗಿಡುತ್ತದೆ. ಪದರ ಜಾರದಂತೆ ಹಿಡಿಯುವುದು ಒತ್ತಾದ ಸಾಲುಹೊಲಿಗೆ. ಒಗೆದೊಗೆದು ಗಂಜಿ ಬಿಟ್ಟ ಬಟ್ಟೆ ಹೊಸದಕ್ಕಿಂತ ಮೆತ್ತಗೆ, ಕೂಸಿನ ಮೈಗೆ ಹಿತ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಯಾದರೆ (ಅವರ ಮಾತಲ್ಲಿ ಕವಂದಿ) ಗುರುತು ಹಿಡಿಯುವುದು ಸುಲಭ. ಮೂಲೆಯಿಂದ ಶುರುಮಾಡಿ, ಅಂಚಿನಗುಂಟ ತೇಪೆ ಇಟ್ಟು ಹೊಲಿಯುತ್ತ, ಸುತ್ತು ಹಾಕಿ ಹಾಕಿ ನಡುವಿಗೆ ಬರುತ್ತಾರೆ. ಹಾಗಾಗಿ ಹೊಲಿಗೆ ಚೌಕದೊಳಗೆ ಚೌಕವಾಗಿ ಕಾಣುತ್ತದೆ. ಮೂಲೆಗಳಿಗೆ ಬಟ್ಟೆ ಮಡಿಸಿ ಮಾಡಿದ ಮುಕ್ಕೋನದ ‘ಫುಲಾ’; ಅದಿಲ್ಲದ ಕವಂದಿ ಬೆತ್ತಲೆ ಎನ್ನುತ್ತಾರೆ. ಫುಲಾ ಉದುರಿದ್ದರೆ ಅದರ ಹೊಲಿಗೆಯ ಗುರುತಾದರೂ ಉಳಿದಿರುತ್ತದೆ, ಹುಡುಕಿ.

ಇನ್ನು ಒಗೆಯುವ ಮಾತು. ಬಿಳೀ ಬಟ್ಟೆ ಒದ್ದೆಮಾಡಿ ಒಂದೊಂದು ಬಣ್ಣದ ಮೇಲೂ ಒತ್ತಿ ನೋಡಿ, ಕೆಂಪಿನ ಮೇಲಂತೂ ತಪ್ಪದೆ. ಬಣ್ಣ ಹತ್ತಿದರೆ ನೀರಿಗೆ ಹಾಕಲೇಬೇಡಿ. ಕೊಡವಿ ಗಾಳಿಗೆ ಹರವಿದರೆ ಸಾಕು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಹಳೇ ಬಟ್ಟೆ ಕೆಡಿಸಿಕೊಳ್ಳಬೇಡಿ. ಬಣ್ಣ ಬಿಡದಿದ್ದರೆ ತಣ್ಣೀರು, ಸೌಮ್ಯ ಸೋಪು, ಕೈಯಿಂದ ಮೆಲ್ಲಗೆ ಅದುಮುವುದು. ಹಿಂಡುವುದೂ ಬೇಡ, ಕಲ್ಲಿಗೆ ಬಡಿಯುವುದೂ ಬೇಡ. ಎತ್ತುವಾಗ ಮಾತ್ರ ಬಹಳ ಜೋಕೆ: ಕುಡಿದ ನೀರಿನ ಭಾರಕ್ಕೆ ಜೀರ್ಣವಾದ ದಾರ ಪಟಪಟ ಕಿತ್ತು ಬರುತ್ತದೆ. ಕೆಳಗೆ ಬೆಡ್‌ಶೀಟು ಹಾಸಿ ಅದರ ಸಮೇತ ಎತ್ತಿ, ನೆರಳಲ್ಲಿ ಮಲಗಿಸಿಯೇ ಒಣಗಿಸಿ. ಹಗ್ಗಕ್ಕೆ ನೇತುಹಾಕಬೇಡಿ.

ಎತ್ತಿಡುವಾಗ ಪ್ಲಾಸ್ಟಿಕ್ ಬೇಡ, ತೇವ ಕೂತು ಬೂಷ್ಟು ಬರುತ್ತದೆ. ಹತ್ತಿ ಬಟ್ಟೆಯಲ್ಲಿ ಸುರುಳಿ ಸುತ್ತಿಡಿ. ಒಂದೇ ಗೆರೆಗೆ ವರ್ಷಗಟ್ಟಲೆ ಮಡಿಸಿಟ್ಟರೆ ಆ ಗೆರೆಯಲ್ಲೇ ಪಿಸಿಯುತ್ತದೆ. ನ್ಯಾಫ್ತಲಿನ್ ಗುಳಿಗೆಯ ಹತ್ತಿರಕ್ಕೂ ಒಯ್ಯಬೇಡಿ, ಅದು ಎಳೆಗೂಸುಗಳ ರಕ್ತಕ್ಕೇ ಅಪಾಯ.

ಹರಿದ ತೇಪೆಯನ್ನು ಕೀಳದೆ ಅದರ ಮೇಲೇ ಇನ್ನೊಂದು ತೇಪೆ ಇಟ್ಟು ಹೊಲಿಯಿರಿ. ಕೌದಿಯ ರಿಪೇರಿ ನಡೆದುಬಂದದ್ದೇ ಹೀಗೆ. ಹೊಸ ತುಂಡು ಹಳೆಯದಕ್ಕಿಂತ ಗಡುಸಾದರೆ ಪಕ್ಕದ ಬಟ್ಟೆಯನ್ನು ಜಗ್ಗಿ ಹರಿಯುತ್ತದೆ, ಹಾಗಾಗಿ ಹಳೇ ಪಂಚೆಯದೇ ಲೇಸು. ಮಗುವನ್ನು ಮಲಗಿಸುವುದಾದರೆ ಸಡಿಲ ದಾರಗಳನ್ನೆಲ್ಲ ಕತ್ತರಿಸಿ; ಬೆರಳಿಗೆ ಸುತ್ತಿಕೊಂಡರೆ ರಕ್ತ ಕಟ್ಟುತ್ತದೆ.